ಬಣವೆಯೊಳಗೆ ಹನ್ನೊಂದು ದಿನ

ವಿನ್ನಿಪೆಗ್
14 ಸೆಪ್ಟೆಂಬರ್ 1978

ಪ್ರೀತಿಯ ಕಾರ್ನಿ ಮಾವ,

ನಾನು ಕ್ಷೇಮ. ಹಾಸ್ಟೆಲಿನ ಸೂಪು ಕ್ಷೇಮವಲ್ಲ. ಅಜ್ಜಿ ಅದನ್ನು ಕಂಡರೆ, ಪಾತ್ರೆ ತೊಳೆದ ನೀರನ್ನು ಮತ್ತೆ ಯಾಕೆ ಬಿಸಿ ಮಾಡಿದ್ದೀರಿ ಎಂದು ಕೇಳಿಯಾಳು. ಅವಳು ಕಟ್ಟಿಕೊಟ್ಟ ಜೋಡಿ ಬನ್ನುಗಳು ಮೂರೇ ದಿನಕ್ಕೆ ಮುಗಿದವು. ನನ್ನ ಕೋಣೆಯ ಗೆಳತಿ ಮೇಲಿನ ಪುಟ್ಟ ಬನ್ನನ್ನು ಮಾತ್ರ ಕಿತ್ತು ತಿಂದು ಕೆಳಗಿನದನ್ನು ನನಗೆ ಬಿಡುತ್ತಾಳೆ. ಊರಲ್ಲಾಗಿದ್ದರೆ ಇಂಥವಳನ್ನು ಯಾರು ಮದುವೆಯಾಗುತ್ತಾರೆ ಎಂದು ಅಮ್ಮ ವಾರವಿಡೀ ಚಿಂತಿಸುತ್ತಿದ್ದಳು.

ಈಗ ಮುಖ್ಯ ವಿಷಯ. ನಮಗೆ ಸಾಹಿತ್ಯ ಕಲಿಸುವ ಪ್ರೊಫೆಸರ್ ಮ್ಯಾಕ್ರೇ ಅವರಿಗೆ ನಮ್ಮ ಕ್ರೈಸ್ತ ಪಂಗಡದವರು, ಮೆನ್ನೊನೈಟರು, ಎಂದರೆ ಕುದುರೆಗಾಡಿ ಮತ್ತು ಕರಿ ಟೋಪಿ. ಮೊದಲ ದಿನವೇ ಇಡೀ ತರಗತಿಯ ಮುಂದೆ ಕೇಳಿದರು: “ನಿಮ್ಮೂರಲ್ಲಿ ಕರೆಂಟ್ ಇದೆಯೇನಮ್ಮ?”

“ಇದೆ ಸರ್. ಭಾನುವಾರ ಮಾತ್ರ ಅದಕ್ಕೂ ರಜ.”

ಅದನ್ನು ನಂಬಿ ಬರೆದುಕೊಂಡರು, ಮಾವ. ಪಾಪ ಅನ್ನಿಸಿತು.

ಅವರು ಈ ಸಲ ನಮ್ಮವರ ಮೇಲಿನ ಒಂದು ಕಾದಂಬರಿಯನ್ನೇ ಪಠ್ಯ ಮಾಡಿದ್ದಾರೆ. ಹೆಸರು ‘ಬಣವೆ’. ಬರೆದವನು ಜೆ. ವಿಂಟರ್ ಎಂಬ ಯಾರೋ; ಪುಸ್ತಕದ ಬೆನ್ನಿನ ಮೇಲೆ ಅವನ ಫೋಟೋ ಕೂಡ ಇಲ್ಲ. ಕಾದಂಬರಿಯೆಂದರೆ ಕಾದು ಬರೆಯುವುದು ಎಂದು ನೀನು ಆರನೇ ಕ್ಲಾಸಿನಲ್ಲಿ ನಮಗೆ ಹೇಳುತ್ತಿದ್ದೆಯಲ್ಲ, ಇವನು ಬಹಳ ವರ್ಷ ಕಾದಿದ್ದಾನೆ, ಬಹಳ ಕಾದೂ ಇದ್ದಾನೆ. ಒಂದೊಂದು ಪುಟ ಮುಟ್ಟಿದರೂ ಕೈ ಸುಡುತ್ತದೆ.

ಕಥೆ ಇಷ್ಟು. 1937, ಉಕ್ರೇನಿನಲ್ಲಿ ನಮ್ಮವರ ಹಳ್ಳಿ. ಸರ್ಕಾರದ ಗುಪ್ತ ಪೊಲೀಸರು ಚರ್ಚಿನ ಬೋಧಕರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಒಯ್ಯುತ್ತಿದ್ದಾರೆ. ಲೇನಾ ಎಂಬವಳು ಬೋಧಕನಾದ ತನ್ನ ಗಂಡನನ್ನು ಕೊಟ್ಟಿಗೆಯ ಹಿಂದಿನ ಹುಲ್ಲಿನ ಬಣವೆಯೊಳಗೆ ಅಡಗಿಸುತ್ತಾಳೆ. ಹಳೆಯ ಒಲೆಯ ಹೊಗೆಕೊಳವೆಯನ್ನು ಹುಲ್ಲಿನೊಳಗೆ ತೂರಿಸಿ, ಅದರಿಂದ ಗಾಳಿಯೂ ಸೂಪೂ ಒಳಗೆ ಹೋಗುವ ಹಾಗೆ ಮಾಡುತ್ತಾಳೆ. ಹನ್ನೊಂದು ದಿನ. ಹನ್ನೊಂದನೇ ದಿನ ಮೂವರು ಬರುತ್ತಾರೆ. ಒಂದು ಮೂಟೆ ಹಿಟ್ಟು ತೋರಿಸುತ್ತಾರೆ. ಅವಳು ಬಣವೆಯ ಕಡೆ ಗದ್ದ ಎತ್ತುತ್ತಾಳೆ. ಆಮೇಲೆ ತಂಬಿಗೆ ತೆಗೆದುಕೊಂಡು ಹೋಗಿ ಹಸು ಕರೆಯಲು ಕೂರುತ್ತಾಳೆ. ಅಗೆಯುವ ಸದ್ದು ಕೇಳುತ್ತಲೇ ಹಾಲು ಕರೆಯುತ್ತಾಳೆ, ಮಾವ.

ಇದಕ್ಕೆ ನಮ್ಮ ‘ಪ್ರತಿಕ್ರಿಯೆ’ ಬರೆಯಬೇಕಂತೆ, ಹತ್ತು ಪುಟ. ನನ್ನ ಪ್ರತಿಕ್ರಿಯೆ ಹತ್ತು ಬೈಗುಳಕ್ಕೆ ಮುಗಿದುಹೋಗುತ್ತದೆ. ನಮ್ಮಜ್ಜನನ್ನೂ ಅದೇ ವರ್ಷ ಒಯ್ದರಲ್ಲ. ಓದುವಾಗ ಅವರದೇ ನೆನಪು. ಈ ಪುಸ್ತಕ ನೀನು ಓದಿದ್ದೀಯಾ?

ನಿನ್ನ
ಸ್ಟೀನಾ


ರೋಗನ್‌ಡಾರ್ಫ್
25 ಸೆಪ್ಟೆಂಬರ್ 1978

ಪಂಡಿತೆ ಜಸ್ಟೀನಾ ಹೀಬರ್ಟ್ ಅವರ ಸನ್ನಿಧಿಗೆ,

ಹಳ್ಳಿ ಶಾಲೆಯ ಮೇಷ್ಟ್ರು ಕಾರ್ನೀಲಿಯಸ್ ಟೇವ್ಸ್ ಮಾಡುವ ವಿಜ್ಞಾಪನೆ. ಇಲ್ಲಿ ಎಲ್ಲ ಕುಶಲ. ನಿನ್ನ ಅಜ್ಜಿ, ಅಂದರೆ ನನ್ನ ತಾಯಿ, ಕಲ್ಲಂಗಡಿ ಉಪ್ಪಿನಕಾಯಿಯ ಪೀಪಾಯಿ ತುಂಬಿಸುವ ಯುದ್ಧದಲ್ಲಿದ್ದಾಳೆ. ನಾಲ್ಕು ಮನೆ ಆಚೆ ಇರುವ ನನಗೂ ಗುಂಡಿನ ಬದಲು ಸಬ್ಬಸಿಗೆಯ ವಾಸನೆ ತಾಗುತ್ತಿದೆ.

‘ಬಣವೆ’ಯ ಹೆಸರು ಕೇಳಿದ್ದೇನೆ. ಪಟ್ಟಣದ ಪುಸ್ತಕದಂಗಡಿಯವನ ಪ್ರಕಾರ ಒಂಬತ್ತು ಪ್ರತಿ ಖರ್ಚಾಗಿದೆ, ಅದರಲ್ಲಿ ಎರಡನ್ನು ಅದು ಬೇಸಾಯದ ಪುಸ್ತಕವೆಂದು ತಿಳಿದು ಕೊಂಡವರು ವಾಪಸು ತಂದಿದ್ದಾರೆ. ನಮ್ಮ ಜನ ಕಾದಂಬರಿ ಓದುವುದಿಲ್ಲ, ಅದರಲ್ಲೂ ಇಂಗ್ಲಿಷಿನಲ್ಲಿ. ಹಾಗಾಗಿ ವಿಂಟರ್ ಮಹಾಶಯ ಹಿಮದಲ್ಲಿ ಒಬ್ಬನೇ ಕೂಗಿಕೊಂಡ ಹಾಗಾಗಿದೆ.

ನಿನ್ನ ಪ್ರಬಂಧ ಬರೆ. ಬರೆದು ನನಗೆ ಕಳಿಸು, ಕೆಂಪು ಶಾಯಿಗೂ ಬೇಸಿಗೆಯಿಂದ ಕೆಲಸವಿಲ್ಲ. ಒಂದೇ ಮಾತು ಹೇಳುತ್ತೇನೆ. ಕಾಲೇಜಿನಲ್ಲಿ ಎಲ್ಲರೂ ‘ಪರಿಸ್ಥಿತಿ’ ಎಂಬ ಪದ ಕಲಿತು ಬರುತ್ತಾರೆ. ಆ ಪದದ ಕೆಳಗೆ ಯಾರು ಬೇಕಾದರೂ ಅಡಗಿಕೊಳ್ಳಬಹುದು. ಆ ಹೆಂಗಸನ್ನು ಅಷ್ಟು ಸುಲಭಕ್ಕೆ ಬಿಡಬೇಡ.

ನಿನ್ನ ಮಾವ
ಕಾರ್ನಿ


ವಿನ್ನಿಪೆಗ್
20 ಅಕ್ಟೋಬರ್ 1978

ಪ್ರೀತಿಯ ಮಾವ,

ಪ್ರಬಂಧ ಇದರ ಜೊತೆಗಿದೆ. ಪ್ರಬಂಧವೋ ಪ್ರತಿಬಂಧವೋ ನೀನೇ ಹೇಳಬೇಕು. ಆರನೇ ಪುಟದಲ್ಲಿ ನಾನೇ ಸಿಕ್ಕಿಹಾಕಿಕೊಂಡಿದ್ದೇನೆ. ನಮ್ಮವರನ್ನು ನೀರಿನಲ್ಲಿ ಮುಳುಗಿಸಿದರು, ಸುಟ್ಟರು, ಗಡಿಯಿಂದ ಗಡಿಗೆ ಅಟ್ಟಿದರು. ನಾನೂರು ವರ್ಷ ಓಡುತ್ತಲೇ ಬಂದ ವಂಶ ನಮ್ಮದು, ಆದರೂ ಕಾಲೇಜಿನ ಓಟದ ತಂಡಕ್ಕೆ ನನ್ನನ್ನು ಸೇರಿಸಿಕೊಂಡಿಲ್ಲ. ಹಿಂಸೆ ಕೊಟ್ಟವರ ಬಗ್ಗೆ ನನಗೆ ಬರೆಯಲು ಬರುತ್ತದೆ. ಲೇನಾಳ ಬಗ್ಗೆ ಬರೆಯಹೋದರೆ ಪೆನ್ನು ನಿಲ್ಲುತ್ತದೆ. ಅವಳು ಬದುಕಿದ್ದರೆ ಎಲ್ಲಿರುತ್ತಾಳೆ? ಯಾರ ಪಕ್ಕ ಕೂತು ಊಟ ಮಾಡುತ್ತಾಳೆ?

ಅಜ್ಜಿಯನ್ನು ಕೇಳೋಣವೆ? ಅವಳು ಆ ಕಾಲ ಕಂಡವಳು. ಚಿಕ್ಕಂದಿನಲ್ಲಿ ಅಜ್ಜನನ್ನು ಹೇಗೆ ಒಯ್ದರು ಎಂದು ಕೇಳಿದರೆ “ಅದು ಮುಗಿದ ಮಾತು ಕಣೆ” ಎಂದು ಹಿಟ್ಟು ನಾದುತ್ತಿದ್ದಳು. ಈಗ ನಾನು ದೊಡ್ಡವಳು. ಬರುವ ಜೂನಿನಲ್ಲಿ ದೀಕ್ಷಾಸ್ನಾನ ಪಡೆದು ಚರ್ಚಿನ ಸದಸ್ಯಳಾಗಲೂ ಹೆಸರು ಕೊಟ್ಟಿದ್ದೇನೆ. (ನಗಬೇಡ. ನೀನು ನಲವತ್ತನಾಲ್ಕಾದರೂ ದೀಕ್ಷೆ ತೆಗೆದುಕೊಳ್ಳದೆ ಹಿಂದಿನ ಬೆಂಚಿನಲ್ಲಿ ಕೂತಿರು, ನನಗೇನು.)

ನಿನ್ನ
ಸ್ಟೀನಾ


ರೋಗನ್‌ಡಾರ್ಫ್
29 ಅಕ್ಟೋಬರ್ 1978

ಸ್ಟೀನಾ,

ಪ್ರಬಂಧ ವಾಪಸು ಕಳಿಸಿದ್ದೇನೆ. ಕೆಂಪು ಶಾಯಿ ಕಂಡು ಹೆದರಬೇಡ, ಅದು ರಕ್ತವಲ್ಲ.

ಚೆನ್ನಾಗಿದೆ. ನಿಜವಾಗಿ. ಎರಡನೇ ಪುಟದಲ್ಲಿ ಮ್ಯಾಕ್ರೇ ಅವರನ್ನು ಮೆಚ್ಚಿಸಲು ಬರೆದದ್ದನ್ನು ಹೊಡೆದಿದ್ದೇನೆ. ಬಣವೆ, ಹೊಗೆಕೊಳವೆ, ಹನ್ನೊಂದು ದಿನ, ಇವುಗಳನ್ನು ಇನ್ನೂ ಬಿಡಿಸಿ ಬರೆ; ಓದುವವನಿಗೆ ಕಣ್ಣಿಗೆ ಕಟ್ಟಬೇಕು. ಆರನೇ ಪುಟದಲ್ಲಿ ನಿನ್ನ ಪೆನ್ನು ನಿಂತ ಕಡೆ ಒಂದು ವಾಕ್ಯ ಸೇರಿಸಿದ್ದೇನೆ: ‘ಗಂಡನನ್ನು ತೋರಿಸಿಕೊಟ್ಟ ಮೇಲೆ ಅವಳು ಹಾಲು ಕರೆದಳು, ಆ ಹಾಲು ಕುಡಿದು ಬೆಳೆದ ಮಕ್ಕಳು ಇಂದು ಎಲ್ಲಿದ್ದಾರೋ, ತಾವು ಏನನ್ನು ಕುಡಿದೆವೆಂದು ಅವರಿಗೆ ಯಾರು ಹೇಳುತ್ತಾರೆ?’ ಬೇಕಿದ್ದರೆ ಇಟ್ಟುಕೋ.

ಅಜ್ಜಿಯನ್ನು ಕೇಳುವುದು ಬೇಡ. ವಯಸ್ಸಾದವಳು, ಸುಮ್ಮನೆ ಯಾಕೆ.

ನಮ್ಮ ಸಮುದಾಯದ ವಾರಪತ್ರಿಕೆಯವರು ವಿದ್ಯಾರ್ಥಿಗಳಿಗೆ ಪ್ರಬಂಧ ಸ್ಪರ್ಧೆ ಇಟ್ಟಿದ್ದಾರೆ. ಗೆದ್ದದ್ದನ್ನು ನಮ್ಮ ಮುದುಕರು ಓದುವ ಜರ್ಮನ್‌ಗೂ ತರ್ಜುಮೆ ಮಾಡಿ ಹಾಕುತ್ತಾರಂತೆ. ಕಳಿಸಿಬಿಡು. ಆ ಸಂಪಾದಕನಿಗೆ ಸಂಪಾದನೆ ಇಲ್ಲದಿದ್ದರೂ ಓದುಗರಿದ್ದಾರೆ. ಕಾದಂಬರಿ ಓದದ ಮುದುಕಿಯರೂ ಮರಣವಾರ್ತೆಗೋಸ್ಕರ ಆ ಪತ್ರಿಕೆ ಬಿಡಿಸುತ್ತಾರೆ, ಮರಣವಾರ್ತೆಯ ಎದುರು ಪುಟದಲ್ಲೇ ಪ್ರಬಂಧ ಇರುತ್ತದೆ.

ಮಾವ


ವಿನ್ನಿಪೆಗ್
10 ಡಿಸೆಂಬರ್ 1978

ಪ್ರೀತಿಯ ಮಾವ,

ಮೊದಲ ಬಹುಮಾನ. ನನ್ನ ತಲೆ ಈಗ ಬಾಗಿಲಿನಲ್ಲಿ ಹಿಡಿಸುವುದಿಲ್ಲ. ಕಳೆದ ವಾರದ ಸಂಚಿಕೆಯಲ್ಲಿ ಎರಡು ಪುಟ ತುಂಬ ನಾನೇ, ಇಂಗ್ಲಿಷಿನಲ್ಲೊಮ್ಮೆ, ಜರ್ಮನ್‌ನಲ್ಲೊಮ್ಮೆ, ಊರಿನ ಹೆಸರಿನ ಸಮೇತ. ಪರಾಗ್ವೇಯಿಂದ ಒಬ್ಬರು ಪತ್ರ ಬರೆದಿದ್ದಾರೆ. ಎಲ್ಲರೂ ಹೊಗಳುವುದು ಆ ಹಾಲಿನ ವಾಕ್ಯವನ್ನೇ. ಅದು ನನ್ನದಲ್ಲ ಎಂದು ಹೇಳಲು ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಯಾರೋ ಕೇಕು ಕೊಟ್ಟರು.

ಅಜ್ಜಿಯ ಕಾಗದ ಮಾತ್ರ ಬಂದಿಲ್ಲ. ಪ್ರತಿ ಸೋಮವಾರ ತಪ್ಪದೆ ಬರುತ್ತಿತ್ತು, ಹಳೆಯ ಕಾಲದ ಮೊನಚು ಅಕ್ಷರದಲ್ಲಿ, ಹವಾಮಾನ ಮೊದಲು, ಕೋಳಿ ಆಮೇಲೆ. ಕೋಳಿಗಳು ಚೆನ್ನಾಗಿವೆ ತಾನೆ? ಇಪ್ಪತ್ತಮೂರಕ್ಕೆ ಬಸ್ಸು ಹತ್ತುತ್ತೇನೆ.

ನಿನ್ನ ಬಹುಮಾನಿತ ಸೊಸೆ
ಸ್ಟೀನಾ


ವಿನ್ನಿಪೆಗ್
6 ಜನವರಿ 1979

ಮಾವ,

ನಾಲ್ಕು ಸಲ ಬರೆದು ಹರಿದ ಮೇಲೆ ಇದು ಐದನೆಯದು. ನಿಮ್ಮ ಮನೆಯಲ್ಲಿ ಆ ದಿನ ಹೇಳಲಾಗದ್ದನ್ನು ಕ್ರಮವಾಗಿ ಬರೆಯುತ್ತೇನೆ. ಯಾವುದೂ ತಪ್ಪಿಹೋಗಬಾರದು.

ಕ್ರಿಸ್‌ಮಸ್ಸಿನ ಹಿಂದಿನ ದಿನ ಅಜ್ಜಿಯ ಅಡುಗೆಮನೆಗೆ ಹೋದೆ. ಪತ್ರಿಕೆ ಮೇಜಿನ ಮೇಲೆ ಮಡಿಸಿಟ್ಟಿತ್ತು, ಅದರ ಮೇಲೆ ಅವಳ ಕನ್ನಡಕ.

“ಚೆನ್ನಾಗಿ ಬರ್ದಿದ್ದೀಯ ಮಗಳೇ,” ಅಂದಳು. “ಅಕ್ಷರ ತಪ್ಪಿಲ್ಲ.”

“ಮತ್ತೆ ನಂಗೆ ಕಾಗದ ಯಾಕಜ್ಜಿ ಬರೀಲಿಲ್ಲ?”

ಅವಳು ಬಾಣಲೆಯ ಕೆಳಗೆ ಉರಿ ಸಣ್ಣ ಮಾಡಿದಳು. “ಒಂದು ಕಡೆ ಮಾತ್ರ ಸರಿಯಿಲ್ಲ. ನಾನು ಹಾಲು ಕರೀಲಿಲ್ಲ. ಅವತ್ತು ಹಸು ಇರ್ಲೇ ಇಲ್ಲ. ಹಿಂದಿನ ಚಳಿಗಾಲದಲ್ಲೇ ಹೊಡ್ಕೊಂಡು ಹೋಗಿದ್ರು.”

‘ನಾನು’ ಎಂದಳು ಎಂಬುದು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

“ಕೊಳವೆ ಇತ್ತು,” ಅಂದಳು. “ಹನ್ನೊಂದು ದಿನ ಅನ್ನೋದೂ ನಿಜ. ನಿಮ್ಮಜ್ಜ ಇದ್ದಿದ್ದು ಅದ್ರಲ್ಲೇ. ನಾನೇ ತೋರಿಸಿದ್ದು.”

ಅಮ್ಮನಿಗೂ ಅಲ್ಲಿಯವರೆಗೆ ಇದು ಗೊತ್ತಿರಲಿಲ್ಲ. ಅವಳು ಹಿತ್ತಲ ಬಾಗಿಲಲ್ಲಿ ಆಲೂಗಡ್ಡೆ ಬುಟ್ಟಿ ಹಿಡಿದು ನಿಂತಿದ್ದಳು. ಯಾರೂ ಅಳಲಿಲ್ಲ. ಅದೇ ಭಯಂಕರವಾಗಿತ್ತು. ಅಜ್ಜಿ ಹೇಳಿದ್ದು ಇಷ್ಟು: ಈ ದೇಶಕ್ಕೆ ಬಂದ ಮರುವರ್ಷ, 1949ರಲ್ಲಿ, ಚರ್ಚಿನ ಸಭೆಗೆ ಸೇರುವ ಮುಂಚೆ ಎಲ್ಲ ಸದಸ್ಯರ ಮುಂದೆ ನಿಂತು ಒಪ್ಪಿಕೊಂಡಳು. ಅವರು ಎದ್ದುನಿಂತು ಕ್ಷಮಿಸಿದರು. ಒಮ್ಮೆ ಕ್ಷಮಿಸಿದ್ದನ್ನು ಸಭೆಯಲ್ಲಿ ಯಾರೂ ಮತ್ತೆ ಎತ್ತಬಾರದು, ಮನೆಯಲ್ಲಿ ಕೂಡ. ಮೂವತ್ತು ವರ್ಷ ಯಾರೂ ಎತ್ತಲಿಲ್ಲ. ಎತ್ತಿದವಳು ನಾನು, ಎರಡು ಭಾಷೆಯಲ್ಲಿ.

ನಿಮ್ಮ ಕೆಂಪು ಶಾಯಿ ನೆನಪಾಗಿ ಹಬ್ಬದ ಎರಡನೇ ದಿನ ನಿಮ್ಮಲ್ಲಿಗೆ ಬಂದೆ. ನೀವು ಸೂರ್ಯಕಾಂತಿ ಬೀಜ ಬಿಡಿಸುತ್ತ ಕೂತಿದ್ದಿರಿ.

“ನೀನೇನಾ ವಿಂಟರ್?”

“ಈ ಊರಲ್ಲಿ ಆರು ತಿಂಗಳು ಎಲ್ರೂ ವಿಂಟರೇ ಕಣೆ.”

“ಮಾವ.”

“ಹೌದು.”

ಆ ‘ಹೌದು’ ಹೇಳಲು ನಿಮಗೆ ಒಂದು ಬೀಜ ಬಿಡಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಕಾದಂಬರಿ ಬರೆದದ್ದಕ್ಕೆ ನನಗೆ ಕೋಪವಿಲ್ಲ, ಯಾರು ಬೇಕಾದರೂ ಬರೆಯಲಿ. ಆದರೆ ಅದನ್ನು ಒಂಬತ್ತು ಜನ ಕೊಂಡರು, ನಮ್ಮ ಊರಿನಲ್ಲಿ ಯಾರೂ ಓದಲಿಲ್ಲ. ಅಜ್ಜಿಗೆ ಅದು ಮುಟ್ಟಬೇಕಿತ್ತು. ಮುಟ್ಟಿಸಲು ನಿಮಗೆ ಒಬ್ಬಳು ಬೇಕಿತ್ತು. ‘ಬಣವೆ, ಕೊಳವೆ, ಹನ್ನೊಂದು ದಿನ ಇನ್ನೂ ಬಿಡಿಸಿ ಬರೆ.’ ಬಿಡಿಸಿ ಬರೆದೆ. ನಿಮ್ಮ ವಾಕ್ಯವನ್ನು ನನ್ನ ಹೆಸರಿನ ಕೆಳಗೆ ಇಟ್ಟು, ಅವಳ ಮೊಮ್ಮಗಳ ಕೈಯಲ್ಲಿ ಅವಳಿಗೆ ಕಳಿಸಿದಿರಿ.

ನನಗೆ ಓದಲು ಬರೆಯಲು ಕಲಿಸಿದವರು ನೀವು. ಇದಕ್ಕಾಗಿಯೇ ಕಲಿಸಿದಿರಾ ಎಂದು ಕೇಳಬೇಕೆನ್ನಿಸುತ್ತದೆ, ಕೇಳುವುದಿಲ್ಲ.

ಜಸ್ಟೀನಾ


ರೋಗನ್‌ಡಾರ್ಫ್
15 ಜನವರಿ 1979

ಸ್ಟೀನಾ,

ಹುಟ್ಟಿದಾಗಿನಿಂದ ನನ್ನನ್ನು ‘ನೀನು’ ಎಂದವಳು ‘ನೀವು’ ಎಂದು ಬರೆದಿದ್ದೀ. ಸರಿಯಾಗಿಯೇ ಬರೆದಿದ್ದೀ. ನಗಿಸಲು ಇವತ್ತು ನನ್ನಲ್ಲಿ ಏನೂ ಇಲ್ಲ.

ನನ್ನ ಕಡೆಯದನ್ನೂ ಕೇಳು. 1949ರ ಆ ಭಾನುವಾರ ನನಗೆ ಹದಿನಾಲ್ಕು ವರ್ಷ. ಪ್ರಾರ್ಥನೆ ಮುಗಿದ ಮೇಲೆ ದೀಕ್ಷೆಯಾಗದವರೆಲ್ಲ ಹೊರಗೆ ಹೋಗಿ ಎಂದರು. ನಿನ್ನಮ್ಮ ಗ್ರೇಟೆ ಹೆಣ್ಣುಮಕ್ಕಳ ಜೊತೆ ಮನೆಗೆ ಹೋದಳು. ನಾನು ಅಂಗಳದಲ್ಲಿ ಹಿಮದ ಜಾರುಬಂಡಿಯ ಕುದುರೆಗಳನ್ನು ಹಿಡಿದು ನಿಂತೆ. ಒಂದು ಗಂಟೆ. ಒಳಗಿಂದ ಅಮ್ಮ ಕೆಂಪು ಕಣ್ಣು ಮಾಡಿಕೊಂಡು ಬಂದಳು, ಎಲ್ಲ ಹೆಂಗಸರೂ ಅವಳಿಗೆ ಮುತ್ತಿಟ್ಟರು. ಏನಾಯ್ತಮ್ಮ ಎಂದೆ. “ಮುಗೀತು” ಎಂದಳು.

ಇಪ್ಪತ್ತೆರಡು ವರ್ಷ ಆದ ಮೇಲೆ ವೃದ್ಧಾಶ್ರಮದಲ್ಲಿ, ಅಂದು ಆ ಸಭೆಯ ಒಳಗಿದ್ದ ಇಸಾಕ್ ರೆಂಪೆಲ್ ತಲೆ ಕೆಟ್ಟು ಮಲಗಿದ್ದಾಗ ನನ್ನ ಕೈ ಹಿಡಿದುಕೊಂಡು ಹೇಳಿದ. ಕೊಳವೆ, ಹನ್ನೊಂದು ದಿನ, ನಿಮ್ಮಮ್ಮನೇ ತೋರಿಸಿದ್ದು, ಆದರೂ ನಾವೆಲ್ಲ ಕ್ಷಮಿಸಿದೆವು ಮಗಾ, ಎಂದ. ಅವರೆಲ್ಲ ಕ್ಷಮಿಸಿದರು. ಅವರು ಕಳೆದುಕೊಂಡದ್ದೇನು? ಅಪ್ಪ ನನ್ನವನು. ನನ್ನನ್ನು ಯಾರೂ ಕೇಳಲಿಲ್ಲ. ನಾನು ಕುದುರೆ ಹಿಡಿದುಕೊಂಡಿದ್ದೆ.

ಅಮ್ಮನನ್ನು ನೇರ ಕೇಳಬಹುದಿತ್ತು ಎನ್ನುತ್ತೀ. ಏಳು ವರ್ಷ ಪ್ರತಿ ಭಾನುವಾರ ಮಧ್ಯಾಹ್ನ ಅವಳ ಮೇಜಿನಲ್ಲಿ ಕೂತು ಕಾಫಿ ಕುಡಿದು ಎದ್ದು ಬಂದಿದ್ದೇನೆ. ಬಾಯಿಗೆ ಬರುವುದು ತಮಾಷೆ ಮಾತ್ರ. ಅದಕ್ಕೇ ಬರೆದೆ. ಬರೆದದ್ದು ಅವಳಿಗೆ ತಲುಪಲಿಲ್ಲ. ಅಷ್ಟರಲ್ಲಿ ನಿನ್ನ ಕಾಗದ ಬಂತು.

ನಿನ್ನನ್ನು ಬಳಸಿಕೊಂಡೆ. ಹೌದು.

ಕಾರ್ನಿ


ರೋಗನ್‌ಡಾರ್ಫ್
5 ಮಾರ್ಚ್ 1979

ಪ್ರೀತಿಯ ಮೊಮ್ಮಗಳೇ,

ಹಿಮ ಇನ್ನೂ ಕಿಟಕಿಯವರೆಗೆ ಇದೆ. ಕೋಳಿಗಳು ಮತ್ತೆ ಮೊಟ್ಟೆ ಇಡುತ್ತಿವೆ.

ಸಭೆಯ ಹಿರಿಯರು ಯಾಕೋಬ್ ವಾಲ್ ಇಬ್ಬರನ್ನು ಕರೆದುಕೊಂಡು ಬಂದಿದ್ದರು. ಒಳ್ಳೆಯ ಮಾತಿನಲ್ಲೇ ಹೇಳಿದರು. ಮುಚ್ಚಿದ ಮಾತು ತೆರೆದುಕೊಂಡಿದೆ, ಅದು ಮತ್ತೆ ಮುಚ್ಚುವವರೆಗೆ ನಾನು ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ಕೂರದಿರುವುದು ಒಳ್ಳೆಯದು ಎಂದರು. ಮಾತು ತೆರೆದವರು ಸದಸ್ಯರ ಮುಂದೆ ನಿಂತು ತಮ್ಮ ತಪ್ಪು ಎಂದರೆ ಮುಚ್ಚಿದ ಹಾಗೆ. ಕಾದಂಬರಿ ಯಾರು ಬರೆದರೋ ಅವರಿಗೆ ಗೊತ್ತಿಲ್ಲ, ನಾನೂ ಹೇಳಲಿಲ್ಲ. ಪತ್ರಿಕೆಯಲ್ಲಿ ನಿನ್ನ ಹೆಸರಿದೆ. ಏಪ್ರಿಲ್ ಒಂದಕ್ಕೆ ಸಭೆ. ನಿನಗೆ ಬೇಡವೆನ್ನಿಸಿದರೆ ಬರಬೇಡ. ಮೂವತ್ತು ವರ್ಷದಲ್ಲಿ ಒಂದು ಸಲ ಭೋಜನ ತಪ್ಪಿದರೆ ನಾನೇನೂ ಹಸಿದು ಸಾಯುವುದಿಲ್ಲ.

ಯಾಕೆ ಹಾಗೆ ಮಾಡಿದೆ ಎಂದು ನಿನ್ನ ಕಾಗದದಲ್ಲಿ ಕೇಳಿದ್ದೀ. ಸಭೆಯಲ್ಲಿ ಅದನ್ನು ಹೇಳಿರಲಿಲ್ಲ. ಒಪ್ಪಿಕೊಳ್ಳುವಾಗ ಕಾರಣ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಕಾರಣ ಹೇಳಿದರೆ ಅದು ವಾದವಾಗುತ್ತದೆ. ನಿನಗೆ ಹೇಳುತ್ತೇನೆ.

ಹಿಟ್ಟಿನ ಮೂಟೆ ಇರಲಿಲ್ಲ. ಅವರು ಗ್ರೇಟೆಯನ್ನೂ ಕಾರ್ನಿಯನ್ನೂ ಗಾಡಿಯಲ್ಲಿ ಕೂರಿಸಿದ್ದರು. ಗಂಡ ಸಿಗದಿದ್ದರೆ ನಿನ್ನನ್ನು ಒಯ್ಯುತ್ತೇವೆ, ಮಕ್ಕಳನ್ನು ಸರ್ಕಾರದ ಅನಾಥಾಲಯಕ್ಕೆ ಹಾಕುತ್ತೇವೆ ಎಂದರು. ಹಾಗೆ ಹೋದ ಮಕ್ಕಳ ಹೆಸರು ಬದಲಾಯಿಸುತ್ತಿದ್ದರು, ಆಮೇಲೆ ಯಾರಿಗೂ ಅವರನ್ನು ಹುಡುಕಲಾಗುತ್ತಿರಲಿಲ್ಲ. ಕಾರ್ನಿಗೆ ಮೂರು ವರ್ಷ, ಜ್ವರ ಇತ್ತು. ಕುದುರೆ ಎರಡು ಹೆಜ್ಜೆ ಹೋಯಿತು. ನಾನು ಬಣವೆಯ ಕಡೆ ನೋಡಿದೆ.

ಕೊಳವೆಯಲ್ಲಿ ನಿಮ್ಮಜ್ಜನಿಗೆ ಎಲ್ಲ ಕೇಳಿಸಿರಬೇಕು. ಅವರನ್ನು ಎಳೆದು ತಂದಾಗ ಗಡ್ಡದಲ್ಲಿ ಹುಲ್ಲಿತ್ತು. ನನ್ನನ್ನು ನೋಡಿ “ಕಾರ್ನಿಗೆ ಕಾಲುಚೀಲ ಹಾಕು, ತಣ್ಣಗಿದೆ” ಎಂದರು. ಬೇರೆ ಏನೂ ಹೇಳಲಿಲ್ಲ.

ಇದನ್ನು ಕಾರ್ನಿಗೆ ಹೇಳಬೇಡ. ಗ್ರೇಟೆಗೂ ಬೇಡ. ಈಗ ಅವನಿಗೆ ನನ್ನ ಮೇಲೆ ಸಿಟ್ಟಿದೆ, ಅದನ್ನು ಹೊತ್ತುಕೊಂಡು ಬದುಕಬಹುದು. ಅಪ್ಪನನ್ನು ಕೊಟ್ಟು ನಾನು ಅವನನ್ನು ಉಳಿಸಿಕೊಂಡೆ ಎಂದು ತಿಳಿದರೆ ಅದನ್ನು ಎಲ್ಲಿ ಇಡುತ್ತಾನೆ?

ಚೆನ್ನಾಗಿ ಊಟ ಮಾಡು. ಕಣಕಾಲವರೆಗೂ ಬೂಟು ಒದ್ದೆ ಮಾಡಿಕೊಂಡು ತಿರುಗಬೇಡ.

ನಿನ್ನ ಅಜ್ಜಿ
ಆಗಾಥಾ ಟೇವ್ಸ್


ರೋಗನ್‌ಡಾರ್ಫ್
24 ಮಾರ್ಚ್ 1979

ಸ್ಟೀನಾ,

ಹಿರಿಯರು ನಿನ್ನನ್ನು ನಿಲ್ಲಿಸುತ್ತಾರಂತೆ ಎಂದು ಗ್ರೇಟೆ ಹೇಳಿದಳು. ನೀನು ನಿಲ್ಲಬೇಕಾಗಿಲ್ಲ. ನಾನು ಬರುತ್ತೇನೆ. ವಿಂಟರ್ ನಾನೇ, ಆ ವಾಕ್ಯವೂ ನನ್ನದೇ ಎಂದು ಎಲ್ಲರ ಮುಂದೆ ಹೇಳುತ್ತೇನೆ. ದೀಕ್ಷೆಯಾಗದವನನ್ನು ಒಳಗೆ ಬಿಡುವುದಿಲ್ಲ ಎಂದರೆ ಬಾಗಿಲಲ್ಲಿ ನಿಂತೇ ಹೇಳುತ್ತೇನೆ. ಯಾಕೋಬ್ ವಾಲ್ ಅವರಿಗೆ ಕಿವಿ ಮಂದ, ಹಾಗಾಗಿ ಗಟ್ಟಿಯಾಗಿಯೇ ಹೇಳಬೇಕಾಗುತ್ತದೆ.

ಮೂರ್ಖರ ದಿನವೇ ಸಭೆ ಇಟ್ಟಿದ್ದಾರೆ. ಮೂರ್ಖ ತಪ್ಪದೆ ಹಾಜರಿರುತ್ತಾನೆ.

ಮಾವ


ವಿನ್ನಿಪೆಗ್
3 ಏಪ್ರಿಲ್ 1979

ಮಾವ,

ಆಶೀರ್ವಾದ ಆದ ಮೇಲೆ ದೀಕ್ಷೆಯಾಗದವರು ಎದ್ದು ಹೋದರು. ನನ್ನನ್ನು ಮಾತ್ರ ಉಳಿಸಿಕೊಂಡರು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ನಾನು. ಯಾಕೋಬ್ ವಾಲ್ ನನ್ನ ಮುಖ ನೋಡುತ್ತ ಸ್ವಲ್ಪ ಹೊತ್ತು ಕಾದರು. ನಾನು ಬಾಗಿಲು ನೋಡುತ್ತಿದ್ದೆ.

“ಯಾರಾದ್ರೂ ಬರೋದಿದ್ಯೇನಮ್ಮ?” ಎಂದು ಕೇಳಿದರು.

“ಬರ್ತೀನಿ ಅಂದಿದ್ರು.”

“ಯಾರು?”

ಹೇಳಬಹುದಿತ್ತು. ಹೆಂಗಸರ ಸಾಲಿನಲ್ಲಿ ಅಜ್ಜಿ ಬೇಡವೆಂದು ತಲೆಯಲ್ಲಾಡಿಸಿದಳು, ಕರಿವಸ್ತ್ರದ ಅಂಚು ಮಾತ್ರ ಅಲ್ಲಾಡಿತು. ಯಾರೂ ಇಲ್ಲ ಎಂದೆ. ಹೆಸರು ಹೇಳುವ ಕೆಲಸ ಒಬ್ಬರ ಮನೆಯಲ್ಲಿ ಎಷ್ಟು ಸಲ ಆಗಬೇಕು.

ಆಮೇಲೆ ಅವರು ಕೇಳಿದ್ದಕ್ಕೆಲ್ಲ ಹೌದು ಎಂದೆ. ಸಭೆ ಮುಚ್ಚಿದ ಮಾತನ್ನು ತೆರೆದದ್ದು ನಾನೇ, ಹೌದು. ಅದು ನನ್ನ ಮಾತೇ, ಹೌದು. ‘ಏನನ್ನು ಕುಡಿದೆವೆಂದು’ ಎಂಬ ವಾಕ್ಯವನ್ನು ಅವರು ಜರ್ಮನ್‌ನಲ್ಲಿ ಗಟ್ಟಿಯಾಗಿ ಓದಿದರು. ಅದೂ ನಿನ್ನದೇ ತಾನೆ? ಹೌದು. ಕಾರಣ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎದ್ದುನಿಂತು ಕ್ಷಮಿಸಿದರು.

ಹೊರಗೆ ಬಂದಾಗ ನಿಮ್ಮ ನೀಲಿ ಕಾರು ಬೇಲಿಯ ಪಕ್ಕ ನಿಂತಿತ್ತು. ಎಂಜಿನ್ ಚಾಲೂ ಇತ್ತು. ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಹೊರಟುಹೋಯಿತು.

ಜಸ್ಟೀನಾ


ರೋಗನ್‌ಡಾರ್ಫ್
8 ಏಪ್ರಿಲ್ 1979

ಸ್ಟೀನಾ,

ಬಂದಿದ್ದೆ. ಅರ್ಧ ಗಂಟೆ ಮುಂಚೆಯೇ ಬಂದಿದ್ದೆ. ಎರಡು ಸಲ ಕಾರಿನ ಬಾಗಿಲು ತೆರೆದೆ. ಅಂಗಳ ದಾಟಲಾಗಲಿಲ್ಲ. ಕಾಲು ಬರಲಿಲ್ಲ ಎಂದರೆ ನೀನು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಕ್ಷಮಿಸು ಎಂದು ಬರೆಯಲು ಈ ಕಾಗದ ತೆಗೆದುಕೊಂಡಿಲ್ಲ. ಒಂದು ವಿಷಯ ಕೇಳಬೇಕು. ಹಿಟ್ಟಿನ ಮೂಟೆ ನಾನು ಕಟ್ಟಿದ್ದು. ಇಸಾಕ್ ರೆಂಪೆಲ್ ಕಾರಣ ಹೇಳಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಕಾದಂಬರಿಯಲ್ಲಿ ಏನಾದರೂ ಇರಲೇಬೇಕಿತ್ತು, ಅದಕ್ಕೆ ಹಿಟ್ಟು ಎಂದು ಬರೆದೆ. ಬರೆದಾಗಿನಿಂದ ಆ ಪುಟ ಮಾತ್ರ ನನ್ನನ್ನು ಬಿಟ್ಟಿಲ್ಲ. ಅಮ್ಮ ನಿನಗೆ ಉದ್ದದ ಕಾಗದ ಬರೆದಳೆಂದು ಗ್ರೇಟೆ ಹೇಳಿದಳು. ಅದರಲ್ಲಿ ಅವಳು ಹೇಳಿರಬೇಕು.

ಏನಕ್ಕೆ ಕೊಟ್ಟಳು, ಸ್ಟೀನಾ? ಒಂದೇ ಸಾಲು ಬರೆ. ಒಂದೇ ಪದವಾದರೂ ಸಾಕು. ಇನ್ನೇನೂ ಕೇಳುವುದಿಲ್ಲ.

ಕಾರ್ನಿ


ವಿನ್ನಿಪೆಗ್
16 ಏಪ್ರಿಲ್ 1979

ಮಾವ,

ಶುಭ ಶುಕ್ರವಾರ ಊರಿಗೆ ಬಂದಿದ್ದೆ. ನಿಮ್ಮನ್ನು ನೋಡಲು ಬರಲಿಲ್ಲ. ಹಿಂದಿನ ಬೆಂಚಿನಲ್ಲಿ ನೀವೂ ಇರಲಿಲ್ಲ, ಹಾಗಾಗಿ ಅಂದು ನಡೆದದ್ದನ್ನು ಬರೆಯುತ್ತೇನೆ.

ಅಜ್ಜಿಯನ್ನು ಭೋಜನಕ್ಕೆ ಕೂರಿಸಿದರು. ರೊಟ್ಟಿ ಬಂತು, ದ್ರಾಕ್ಷಾರಸ ಬಂತು. ಆಮೇಲೆ ಪದ್ಧತಿಯಂತೆ ಒಬ್ಬರ ಕಾಲನ್ನೊಬ್ಬರು ತೊಳೆಯುವುದು. ಹೆಂಗಸರು ಎಂದಿನಂತೆ ಜೋಡಿ ಜೋಡಿಯಾಗಿ ನೀರಿನ ಬೋಗುಣಿಗಳ ಮುಂದೆ ಕೂತರು. ಮೂವತ್ತು ವರ್ಷ ಅಜ್ಜಿಯ ಜೋಡಿ ಪಕ್ಕದ ಮನೆಯ ಸಾರಾ ಫ್ರೀಸನ್. ಅಜ್ಜಿ ಕಾಲುಚೀಲ ಕಳಚಿ ಕೂತಳು. ಎದುರಿನ ಕುರ್ಚಿ ಖಾಲಿ. ಸಾರಾ ಹಾಡಿನ ಪುಸ್ತಕದಲ್ಲಿ ಏನೋ ಹುಡುಕುತ್ತಿದ್ದಳು. ಸುತ್ತ ಎಲ್ಲ ಜೋಡಿಗಳೂ ತೊಳೆದು, ಒರೆಸಿ, ಮುತ್ತಿಟ್ಟು ಎದ್ದರು. ಅಜ್ಜಿ ಬರಿಗಾಲಿನಲ್ಲಿ ಕೂತೇ ಇದ್ದಳು. ಕೊನೆಗೆ ಸಾರಾ ಬಂದಳು. ತೊಳೆದಳು. ಅಷ್ಟರಲ್ಲಿ ನೀರು ತಣ್ಣಗಾಗಿಹೋಗಿತ್ತೆಂದು ಅಜ್ಜಿ ಆಮೇಲೆ ಹೇಳಿದಳು, ದೂರುವ ಹಾಗಲ್ಲ, ಹವಾಮಾನ ಹೇಳುವ ಹಾಗೆ. ಕ್ಷಮಿಸಿದ್ದಾರೆ, ಮಾವ. ಮೊದಲು ಕ್ಷಮಿಸಿದಾಗ ನೀರು ಬಿಸಿ ಇತ್ತು.

ನಾನು ಜೂನಿನಲ್ಲಿ ದೀಕ್ಷೆ ತೆಗೆದುಕೊಳ್ಳುತ್ತೇನೋ ಇಲ್ಲವೋ ಗೊತ್ತಿಲ್ಲ. ಹೆಸರು ಇನ್ನೂ ಹೊಡೆಸಿಲ್ಲ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕಾರಣ ನನಗೆ ಗೊತ್ತು. ನಿಮಗೆ ಹೇಳಬಾರದೆಂದು ಅಜ್ಜಿ ಬರೆದಿದ್ದಾಳೆ, ಆದ್ದರಿಂದ ಹೇಳುವುದಿಲ್ಲ. ಅವಳು ಬರೆಯದಿದ್ದರೂ ಹೇಳುತ್ತಿರಲಿಲ್ಲ. ನೀವು ಅವಳಿಗೆ ಹೇಳಲಾರದ್ದನ್ನು ಅವಳ ಮೇಜಿನವರೆಗೆ ಹೊತ್ತುಕೊಂಡು ಹೋಗಿದ್ದು ನಾನು. ಹೊರೆ ಏನೆಂದೇ ಗೊತ್ತಿಲ್ಲದೆ ಹೊತ್ತೆ. ಈಗ ಅವಳು ನಿಮಗೆ ಹೇಳಲಾರದ್ದನ್ನೂ ನಾನೇ ಹೊತ್ತು ತರಬೇಕೆನ್ನುತ್ತೀರಿ. ಒಂದೇ ಪದವೆನ್ನುತ್ತೀರಿ. ನಿಮ್ಮಿಬ್ಬರ ನಡುವೆ ಇರುವುದು ನಾಲ್ಕು ಮನೆ. ನಾನಿರುವುದು ಬಸ್ಸಿನಲ್ಲಿ ಎರಡು ಗಂಟೆ ದೂರ.

ಅವಳು ಬೆಳಿಗ್ಗೆ ಐದಕ್ಕೇ ಎದ್ದಿರುತ್ತಾಳೆ. ಹಿತ್ತಲ ಬಾಗಿಲಿಗೆ ಚಿಲಕ ಹಾಕುವುದಿಲ್ಲ. ನೀವು ಕೇಳಿದರೆ ಬಹುಶಃ ಅವಳು ಹೇಳುವುದಿಲ್ಲ. ಹೇಳಿದರೆ ನೀವು ಕೇಳಬಾರದಿತ್ತು ಎಂದುಕೊಳ್ಳುತ್ತೀರಿ. ಆದರೂ ಹೋಗಿ. ತಮಾಷೆ ಬಾಯಿಗೆ ಬರುವ ಮುಂಚೆ ಕೇಳಿ.

ಇನ್ನು ಮುಂದೆ ನನಗೆ ಬರೆಯುವುದಾದರೆ ಅವಳನ್ನು ಕೇಳಿದ ಮೇಲೆ ಬರೆಯಿರಿ. ಅದಕ್ಕೆ ಮುಂಚೆ ಬಂದ ಕಾಗದವನ್ನು ಒಡೆಯುವುದಿಲ್ಲ.

ಜಸ್ಟೀನಾ ಹೀಬರ್ಟ್